ಆಕಾಶಕ್ಕೆ ಎಷ್ಟು ಫ್ರೇಮು?

1970ರ ದಶಕದಲ್ಲಿ ವಿಮಾನ ಕಂಪನಿಗಳ ತರಬೇತಿ ಕೋಣೆಗೆ ಕಂಪ್ಯೂಟರ್ ಚಿತ್ರ ಕಾಲಿಟ್ಟಾಗ ಅಲ್ಲಿ ಹಗಲೇ ಇರಲಿಲ್ಲ. ಪೈಲಟ್ ಎಷ್ಟು ಹೊತ್ತಿಗೆ ಬಂದು ಕೂತರೂ ಕಿಟಕಿಯಾಚೆ ಕತ್ತಲೆ. ಆ ಕತ್ತಲಲ್ಲಿ ರನ್‌ವೇ ದೀಪಗಳ ಸಾಲು, ದೂರದಲ್ಲಿ ಊರಿನ ಬೆಳಕಿನ ಚುಕ್ಕಿಗಳು, ಅಷ್ಟೇ. ಗದ್ದೆ, ಮನೆ, ಮೋಡಗಳಿಗೆಲ್ಲ ಬಣ್ಣ ತುಂಬಿ ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬರೆಯುವುದು ಕಂಪನಿಗಳು ಕೊಳ್ಳಬಹುದಾದ ಯಂತ್ರಗಳ ಕೈಲಿ ಆಗುತ್ತಿರಲಿಲ್ಲ. ಚುಕ್ಕಿ ಇಡುವುದಾದರೆ ಸಲೀಸು. ರಂಗೋಲಿಗೆ ಚುಕ್ಕಿಯಷ್ಟೇ ಇಟ್ಟು ಗೆರೆ ಎಳೆಯದೆ ಎದ್ದುಹೋದಂಥ ಆ ರಾತ್ರಿಯನ್ನೇ ಸಿಮ್ಯುಲೇಟರಿನ ಮೊದಲ ‘ಗ್ರಾಫಿಕ್ಸ್ ಸೆಟ್ಟಿಂಗ್’ ಎನ್ನಬಹುದು. ಇವತ್ತು ಮನೆಯಲ್ಲಿ ಕೂತು ವಿಮಾನ ಹಾರಿಸುವವರು ಒಂದಿಷ್ಟು ಮರ ಕಳೆದು, ಮೋಡ ತೆಳುಮಾಡಿ ಕಂಪ್ಯೂಟರಿನೊಡನೆ ನಡೆಸುವುದು ಅದೇ ಚೌಕಾಸಿ.

ಅದಕ್ಕೂ ಬಹಳ ಹಿಂದೆ ಚಿತ್ರವೇ ಇರಲಿಲ್ಲ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್‌ನ ತಂದೆಗೆ ಪಿಯಾನೊ ಮತ್ತು ಆರ್ಗನ್ ಮಾಡುವ ಕಾರ್ಖಾನೆಯಿತ್ತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಮಗ 1929ರಲ್ಲಿ ಓಲಾಡುವ ಪುಟ್ಟ ವಿಮಾನವೊಂದನ್ನು ಕಟ್ಟಿದ. ಮೊದಮೊದಲು ಅದು ಜಾತ್ರೆಯ ಆಟಿಕೆಯಂತೆಯೇ ಬಿಕರಿಯಾಯಿತು. 1934ರಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸುವ ಕೆಲಸ ಬಿತ್ತು. ಕೆಟ್ಟ ಹವೆಯಲ್ಲಿ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆ ತಲಾ 3,500 ಡಾಲರ್ ಕೊಟ್ಟು ಆರು ಲಿಂಕ್ ಟ್ರೇನರ್ ಕೊಂಡಿತು. ಮುಚ್ಚಳ ಎಳೆದರೆ ಒಳಗೆ ಕಾಣುವುದು ಮುಳ್ಳು, ಡಯಲ್‌ಗಳು ಮಾತ್ರ. ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಫ್ರೇಮ್ ರೇಟಿನ ತಂಟೆಯೇ ಇಲ್ಲದ ಸಿಮ್ಯುಲೇಟರ್ ಇದು. ಗಾಳಿಗೆ ಫ್ರೇಮು ಎಲ್ಲಿಯದು!

ಆಮೇಲೆ, ಕಂಪ್ಯೂಟರ್ ಚಿತ್ರಕ್ಕೂ ಮೊದಲು, ಬಂದದ್ದು ಗೊಂಬೆ ಊರು. ಗೋಡೆಯಷ್ಟು ದೊಡ್ಡ ಹಲಗೆಯ ಮೇಲೆ ವಿಮಾನ ನಿಲ್ದಾಣ, ಹೊಲ, ರಸ್ತೆಗಳ ಮಾದರಿ ಕೂರಿಸಿ, ಪೈಲಟ್ ಕೋಲು ತಿರುಗಿಸಿದಂತೆ ಟಿವಿ ಕ್ಯಾಮೆರಾವೊಂದು ಅದರ ಮೇಲೆ ಸರಿಯುತ್ತಿತ್ತು. ಎಷ್ಟು ಮನೆಗಳಿದ್ದರೂ ಚಿತ್ರದ ವೇಗ ತಗ್ಗುತ್ತಿರಲಿಲ್ಲ, ಏಕೆಂದರೆ ಕ್ಯಾಮೆರಾ ಯಾವುದನ್ನೂ ಲೆಕ್ಕ ಹಾಕಿ ಬರೆಯಬೇಕಿರಲಿಲ್ಲ. ಆದರೆ ಹಲಗೆ ಮುಗಿದಲ್ಲಿ ಭೂಮಿಯೂ ಮುಗಿಯುತ್ತಿತ್ತು.

ಮನೆಗೆ ಈ ಹಾರಾಟ ತಂದವನು ಬ್ರೂಸ್ ಆರ್ಟ್‌ವಿಕ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಆತ ಬರೆದ ಪ್ರಬಂಧದ ವಿಷಯವೇ ಕಂಪ್ಯೂಟರ್ ಬರೆಯುವ ಹಾರಾಟದ ನೋಟ. ಅವನ ಸಬ್‌ಲಾಜಿಕ್ ಕಂಪನಿ ಆ್ಯಪಲ್ 2 ಯಂತ್ರಕ್ಕೆ ಮಾಡಿದ ಮೊದಲ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇಡೀ ಭೂಮಿಯೆಂದರೆ ಉದ್ದಕ್ಕೆ ಆರು, ಅಗಲಕ್ಕೆ ಆರು ಚೌಕಗಳ ಜಾಲರಿ. ಅಷ್ಟು ಗೆರೆಗಳನ್ನು ಎಳೆಯುವುದಕ್ಕೇ ಯಂತ್ರ ಏದುಸಿರು ಬಿಡುತ್ತಿತ್ತು. 1982ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಹೆಸರಲ್ಲಿ ಐಬಿಎಂ ಪಿಸಿಗೆ ಬಂದ ಆವೃತ್ತಿ ಷಿಕಾಗೊದ ಸರೋವರ ದಂಡೆಯ ಮೀಗ್ಸ್ ಫೀಲ್ಡ್‌ನಿಂದ ಮೇಲೇರುತ್ತಿತ್ತು. ಅದು ಯಂತ್ರಾಂಶವನ್ನು ಎಷ್ಟು ಹಿಂಡುತ್ತಿತ್ತೆಂದರೆ, ಬೇರೆ ಕಂಪನಿಯ ಪಿಸಿ ನಿಜಕ್ಕೂ ಐಬಿಎಂಗೆ ಸಮನೇ ಎಂದು ನೋಡಲು ಜನ ಇದನ್ನೇ ಓಡಿಸಿ ನೋಡುತ್ತಿದ್ದರು.

ಅಂಕಿಗಳ ಗೀಳು ಹತ್ತಿದ್ದು ಗ್ರಾಫಿಕ್ಸ್ ಕಾರ್ಡ್ ಬಂದ ಮೇಲೆ. ಸಾಧಾರಣ ಮಾನಿಟರ್ ಸೆಕೆಂಡಿಗೆ 60 ಸಲ ಪರದೆ ಬದಲಿಸುತ್ತದೆ, ಅಂದರೆ 16.7 ಮಿಲಿಸೆಕೆಂಡಿಗೊಮ್ಮೆ. ಚಿತ್ರವನ್ನು ಪರದೆಯ ತಾಳಕ್ಕೆ ಕಟ್ಟುವ ವಿ-ಸಿಂಕ್ ಹಾಕಿದ್ದಾಗ ಚಿತ್ರ ಸಿದ್ಧವಾಗುವುದು 18 ಮಿಲಿಸೆಕೆಂಡಾದರೆ ಬಸ್ಸು ತಪ್ಪಿದಂತೆ: ಮುಂದಿನ ಬಸ್ಸು 33ಕ್ಕೆ. ಕೆಲವು ಚಿತ್ರ ಈ ಬಸ್ಸಿಗೆ, ಕೆಲವು ಮುಂದಿನದಕ್ಕೆ ಹತ್ತಿದರೆ ವಿಮಾನ ಮುಗ್ಗರಿಸುತ್ತದೆ. ವಿ-ಸಿಂಕ್ ತೆಗೆದರೆ, ವಿಮಾನ ವಾಲಿದಾಗ ದಿಗಂತವೇ ನಡುವೆ ಕತ್ತರಿಸಿದಂತೆ ಕಾಣುತ್ತದೆ. ಆದ್ದರಿಂದಲೇ ಪಳಗಿದವರು 60ರ ಆಸೆ ಬಿಟ್ಟು 30ಕ್ಕೆ ಬೀಗ ಹಾಕುತ್ತಿದ್ದರು. ಪ್ರಯಾಣಿಕ ವಿಮಾನ ಗುಂಡಿನಾಟದ ಸೈನಿಕನಂತೆ ಗಕ್ಕನೆ ತಿರುಗುವುದಿಲ್ಲ. 25 ಮತ್ತು 50ರ ನಡುವೆ ಜೋಕಾಲಿಯಾಡುವ ಅಂಕಿಗಿಂತ ಅಲುಗದ 30 ಅದಕ್ಕೆ ಮೇಲು.

ಈ ವಿದ್ಯೆಯ ದೊಡ್ಡ ಪಾಠಶಾಲೆ 2006ರ ಅಕ್ಟೋಬರಿನಲ್ಲಿ ಬಂದ ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಅಂದರೆ ಎಫ್‌ಎಸ್‌ಎಕ್ಸ್. ಪ್ರೊಸೆಸರಿನ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆಂಬ ಲೆಕ್ಕದಲ್ಲಿ ಕಟ್ಟಿದ ತಂತ್ರಾಂಶ ಅದು. ಆದರೆ ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು 2004ರಲ್ಲೇ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಇಡುವ ದಾರಿ ಹಿಡಿದಿತ್ತು. ಎಫ್‌ಎಸ್‌ಎಕ್ಸ್ ಮಾತ್ರ ಬಹುಪಾಲು ಹೊರೆಯನ್ನು ಒಂದೇ ಕೋರ್ ಮೇಲೆ ಹೇರುತ್ತಿತ್ತು. 2007ರ ಸರ್ವೀಸ್ ಪ್ಯಾಕ್ ಸ್ವಲ್ಪ ಹಂಚಿಕೊಟ್ಟಿತು. ಎಲ್ಲ ಸ್ಲೈಡರ್‌ಗಳನ್ನೂ ಬಲತುದಿಗೆ ತಳ್ಳಿದವರಿಗೆ ದೊಡ್ಡ ನಗರಗಳ ಮೇಲೆ ವಿಮಾನವಲ್ಲ, ಸ್ಲೈಡ್ ಪ್ರದರ್ಶನ ಸಿಕ್ಕಿತು. ಜನ ಎಫ್‌ಎಸ್‌ಎಕ್ಸ್ ಡಾಟ್ ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲನ್ನೇ ಬಿಚ್ಚಿ ಕೂತರು. ಅದರಲ್ಲಿನ ಒಂದು ಸಾಲು, ‘ಫೈಬರ್ ಫ್ರೇಮ್ ಟೈಮ್ ಫ್ರ್ಯಾಕ್ಷನ್’, ಪ್ರತಿ ಫ್ರೇಮಿನ ಸಮಯದಲ್ಲಿ ಮುಂದಿನ ನೆಲವನ್ನು ಹೊತ್ತು ತರಲು ಎಷ್ಟು ಪಾಲು ಎಂದು ಹೇಳುತ್ತಿತ್ತು. ಮೊದಲಿಗೆ ಇದ್ದದ್ದು 0.33. ಹೆಚ್ಚಿಸಿದರೆ ನೆಲ ಸ್ಪಷ್ಟ, ಹಾರಾಟ ಭಾರ. ಇಳಿಸಿದರೆ ಹಾರಾಟ ನುಣುಪು, ನೆಲ ಮಸುಕು. ಮಾಡುವವರ ಲೆಕ್ಕ ಇಷ್ಟು ಬೆತ್ತಲಾಗಿ ಆಡುವವರ ಕೈಗೆ ಸಿಕ್ಕದ್ದು ಅಪರೂಪ.

ಅತ್ತ ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರಿನ ದಾರಿಯೇ ಬೇರೆ. ಫ್ರೇಮುಗಳು ಸೆಕೆಂಡಿಗೆ ಸುಮಾರು 20ಕ್ಕಿಂತ ಕೆಳಗಿಳಿದರೆ ಅದು ತನ್ನ ಗಡಿಯಾರವನ್ನೇ ನಿಧಾನ ಮಾಡುತ್ತದೆ. ಹಾರಾಟದ ಗಣಿತ ಕೆಡಬಾರದೆಂಬ ಹಟ.

ವೃತ್ತಿಪರರಿಗೆ ಚಿತ್ರ ತಡವಾಗುವುದು ನುಣುಪಿನ ಮಾತಷ್ಟೇ ಅಲ್ಲ. ಅಮೆರಿಕದ ವಿಮಾನಯಾನ ಪ್ರಾಧಿಕಾರದ ಹಳೆಯ ನಿಯಮದಂತೆ, ಉನ್ನತ ದರ್ಜೆಯ ಸಿಮ್ಯುಲೇಟರಿನಲ್ಲಿ ಕೋಲು ಅಲುಗಿಸಿದಾಗ ನಿಜವಾದ ವಿಮಾನ ಓಗೊಡುವ ಹೊತ್ತಿಗಿಂತ 150 ಮಿಲಿಸೆಕೆಂಡಿಗೂ ಹೆಚ್ಚು ತಡವಾಗದೆ ನೋಟವೂ ಅಲುಗಬೇಕಿತ್ತು. ಬೆಂಗಳೂರಿನಲ್ಲಿ ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಮೊದಲು ಮೇಲೇರುವ ಮುನ್ನ, ಪರೀಕ್ಷಾ ಪೈಲಟ್‌ಗಳು ಅದೇ ಊರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇಯ ಸಿಮ್ಯುಲೇಟರಿನಲ್ಲಿ ಕೂತು ಕೈ ಪಳಗಿಸಿಕೊಂಡಿದ್ದರು. ಕಂಪ್ಯೂಟರ್ ಹಿಡಿದಿಡದಿದ್ದರೆ ತಾನಾಗಿ ಸ್ಥಿರವಾಗಿ ನಿಲ್ಲದ ವಿಮಾನ ಅದು. ಪರದೆ ತಡವಾದರೆ ಪೈಲಟ್ ಸುಳ್ಳು ವಿಮಾನವನ್ನು ಕಲಿತಂತಾಗುತ್ತದೆ.

2020ರ ಆಗಸ್ಟಿನಲ್ಲಿ ಬಂದ, ಫ್ರಾನ್ಸಿನ ಅಸೋಬೊ ಕಂಪನಿ ಮೈಕ್ರೋಸಾಫ್ಟ್‌ಗಾಗಿ ಕಟ್ಟಿದ ಹೊಸ ಸಿಮ್ಯುಲೇಟರ್ ಇಡೀ ಭೂಮಿಯನ್ನೇ ಇಂಟರ್ನೆಟ್ಟಿನಿಂದ ಇಳಿಸಿತು. ಫ್ರೇಮು ಎಣಿಸುವ ಕಿಟಕಿ ತೆರೆದವರಿಗೆ ಕೆಂಪಕ್ಷರದಲ್ಲಿ ಸಿಕ್ಕ ಉತ್ತರ ಮಾತ್ರ ಹಳೆಯದೇ: ತಡೆ ಮೇನ್ ಥ್ರೆಡ್ಡಿನಲ್ಲಿ, ಅಂದರೆ ಒಂದೇ ಕೋರ್ ಮೇಲೆ ಬಿದ್ದ ಹೊರೆಯಲ್ಲಿದೆ. 2022ರಲ್ಲಿ ಎನ್‌ವಿಡಿಯಾ ಎರಡು ನಿಜವಾದ ಫ್ರೇಮುಗಳ ನಡುವೆ ಊಹಿಸಿದ ಒಂದನ್ನು ಸೇರಿಸುವ ಉಪಾಯ ತಂದಿತು. ಎಣಿಕೆ ಏರಿತು, ಕೋಲಿಗೆ ವಿಮಾನ ಓಗೊಡುವ ವೇಗ ಏರಲಿಲ್ಲ. ಕಡಿಮೆ ಚುಕ್ಕಿಗಳಲ್ಲಿ ಬರೆದು ದೊಡ್ಡದು ಮಾಡುವ ಅದರ ಜೊತೆಗಾರ ತಂತ್ರ ಹೊರಗಿನ ಬೆಟ್ಟಗಳನ್ನು ಚೆನ್ನಾಗಿಯೇ ತೋರಿಸಿತು, ಆದರೆ ಕಾಕ್‌ಪಿಟ್ಟಿನ ಪುಟ್ಟ ಪರದೆಗಳಲ್ಲಿ ಎತ್ತರದ ಅಂಕಿಗಳು ಉರುಳುವಾಗ ಹಿಂದೆ ನೆರಳು ಬಿಡುತ್ತಿದ್ದವು. ಹಾಗಾಗಿ ಹಲವರು ಅದನ್ನು ಬಂದ್ ಮಾಡಿ, ಮೋಡವನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೆ 30ಕ್ಕೆ ಬೀಗ ಹಾಕಿ ಇಳಿಯಲು ಶುರುಮಾಡಿದರು.