ಬೊಜ್ಜಿನ ಆಪರೇಷನ್‌ಗೆ ಮುಂಚೆ, ಆಮೇಲೆ: ಹಣ್ಣು-ತರಕಾರಿ ಜ್ಯೂಸ್ ಯಾವಾಗ, ಎಷ್ಟು?

ಚಿಂಚೋಳಿ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಅಂದರೆ ಬೇರಿಯಾಟ್ರಿಕ್ ಸರ್ಜರಿ. ನಮ್ಮ ಭಾಗದವರು ಇದಕ್ಕೆ ಹೈದರಾಬಾದ್, ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗುವುದೇ ಹೆಚ್ಚು. ಆಪರೇಷನ್ ಅಲ್ಲಿ ಆದರೂ ಮುಂದಿನ ಊಟ-ಉಪಚಾರವೆಲ್ಲ ಮನೆಯಲ್ಲೇ. ನೋಡಲು ಬಂದವರು ಮೋಸಂಬಿ, ದಾಳಿಂಬೆ ತರುತ್ತಾರೆ. "ಖಾಲಿ ಹೊಟ್ಟ್ಯಾಗ ಜ್ಯೂಸ್ ಕುಡದ್ರ ಬೊಜ್ಜು ಕರಗ್ತದ್ರಿ" ಅನ್ನುವವರೂ ಇದ್ದಾರೆ. ಆದರೆ ಈ ಆಪರೇಷನ್ ಆದವರಿಗೆ ಜ್ಯೂಸ್ ಎಲ್ಲ ಹೊತ್ತಿನಲ್ಲೂ ಒಳ್ಳೆಯದಲ್ಲ. ಯಾಕೆ ಎಂಬುದು ಇಲ್ಲಿದೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಹೆಚ್ಚಾಗಿ ನಡೆಯುವುದು ಎರಡು ಬಗೆ. 'ಸ್ಲೀವ್' ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗ ತೆಗೆದು, ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. 'ಬೈಪಾಸ್' ವಿಧಾನದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲ ಉಳಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಜಾಗ ಇಷ್ಟು ಕಡಿಮೆ ಇರುವಾಗ ಮೊದಲು ಒಳಗೆ ಹೋಗಬೇಕಾದದ್ದು ನೀರು ಮತ್ತು ಪ್ರೋಟೀನ್. ಜ್ಯೂಸ್ ಆ ಜಾಗ ತುಂಬಿದರೆ ಪ್ರೋಟೀನ್‌ಗೆ ಜಾಗ ಇರುವುದಿಲ್ಲ.

ಆಪರೇಷನ್‌ಗೆ ಮುಂಚೆ

ಸಾಮಾನ್ಯವಾಗಿ 2ರಿಂದ 4 ವಾರ ಮೊದಲೇ ಕಡಿಮೆ ಕ್ಯಾಲೊರಿ, ಕಡಿಮೆ ಸಕ್ಕರೆ, ಹೆಚ್ಚು ಪ್ರೋಟೀನ್ ಇರುವ ಪಥ್ಯ ಹೇಳುತ್ತಾರೆ. ಜಠರದ ಮೇಲೆಯೇ ಯಕೃತ್ತು ಇರುತ್ತದೆ. ಬೊಜ್ಜು ಇದ್ದವರಲ್ಲಿ ಅದರಲ್ಲಿ ಕೊಬ್ಬು ಸೇರಿ ದೊಡ್ಡದಾಗಿರುತ್ತದೆ. ಪಥ್ಯ ಮಾಡಿದರೆ ಅದು ಕುಗ್ಗಿ, ವೈದ್ಯರಿಗೆ ಆಪರೇಷನ್ ಸುಲಭವಾಗುತ್ತದೆ.

ಈ ಹೊತ್ತಿನಲ್ಲಿ ದಿನಕ್ಕೆ ಮೂರು ಗ್ಲಾಸ್ ಹಣ್ಣಿನ ರಸ ಕುಡಿದರೆ ಪಥ್ಯ ಕೆಟ್ಟಂತೆಯೇ. ಐಸಿಎಂಆರ್-ಎನ್‌ಐಎನ್ 2024ರ ಆಹಾರ ಮಾರ್ಗಸೂಚಿ ಪ್ರಕಾರ 100 ಮಿ.ಲೀ. ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆ. ಅಂದರೆ 250 ಮಿ.ಲೀ. ಗ್ಲಾಸಿಗೆ ಸುಮಾರು ಏಳು ಚಮಚ. ಜ್ಯೂಸ್‌ಗಿಂತ ಇಡೀ ಹಣ್ಣು ತಿನ್ನುವುದೇ ಮೇಲು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಸೋಸಿದಾಗ ನಾರು ಹೋಗಿ, ಸಕ್ಕರೆ ಉಳಿಯುತ್ತದೆ.

ಕುಡಿಯಲೇಬೇಕೆಂದರೆ ಸೌತೆಕಾಯಿ, ಟೊಮೆಟೊ, ಪುದೀನಾ ರುಬ್ಬಿ, ಸೋಸದೆ, ಸಕ್ಕರೆ ಹಾಕದೆ ಒಂದು ಸಣ್ಣ ಗ್ಲಾಸ್ ಕುಡಿಯಬಹುದು. ಅದಕ್ಕೂ ಆಸ್ಪತ್ರೆಯ ಆಹಾರ ತಜ್ಞರ ಒಪ್ಪಿಗೆ ಬೇಕು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯ ಶುರು ಮಾಡುವ ಮುಂಚೆಯೇ ಡೋಸ್ ಬಗ್ಗೆ ಕೇಳಬೇಕು. ಇಲ್ಲದಿದ್ದರೆ ಶುಗರ್ ಒಮ್ಮೆಲೆ ಇಳಿಯಬಹುದು.

ಆಪರೇಷನ್ ಆದ ಮೇಲೆ

ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾದರೂ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ:

• ಮೊದಲ 1-2 ದಿನ: ನೀರು, ತಿಳಿ ಸಾರಿನಂಥ ತೆಳು ದ್ರವ. ಗಟಗಟ ಅಲ್ಲ, ಗುಟುಕು ಗುಟುಕಾಗಿ.
• ಸುಮಾರು 2 ವಾರದವರೆಗೆ: ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ, ಸೋಸಿದ ಬ್ಯಾಳಿ. ಹಣ್ಣಿನ ರಸಕ್ಕೆ ಒಪ್ಪಿಗೆ ಇದ್ದರೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಮಾತ್ರ.
• 3-4ನೇ ವಾರ: ನುಣ್ಣಗೆ ರುಬ್ಬಿದ ಆಹಾರ.
• ಆಮೇಲೆ ಮೆತ್ತಗಿನ ಊಟ. 6-8 ವಾರಕ್ಕೆ ಮಾಮೂಲಿ ಊಟ, ಅದೂ ಚೆನ್ನಾಗಿ ಅಗಿದು.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಜ್ಯೂಸ್‌ನಲ್ಲಿ ಅದು ಇಲ್ಲವೆಂದೇ ಹೇಳಬೇಕು. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ ಮನೆಯಲ್ಲೇ ಇರುತ್ತದೆ. 30 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 6-7 ಗ್ರಾಂ ಪ್ರೋಟೀನ್ ಸಿಗುತ್ತದೆ. ಆದರೆ ಮೇಲಿನ ತಿಳಿ ಕಟ್ಟು ಬಸಿದು ಕುಡಿದರೆ ಸಾಲದು, ಬೇಳೆಯನ್ನೇ ಕಡೆದು ಗಟ್ಟಿ ಮಾಡಬೇಕು. ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಬರುತ್ತದೆ. ಇಷ್ಟರಿಂದಲೇ ಗುರಿ ಮುಟ್ಟುವುದು ಕಷ್ಟ. ಆದ್ದರಿಂದಲೇ ವೈದ್ಯರು ಪ್ರೋಟೀನ್ ಪುಡಿ ಬರೆಯುತ್ತಾರೆ.

ಜ್ಯೂಸ್‌ನಿಂದ ಆಗುವ ತೊಂದರೆ

*ಡಂಪಿಂಗ್:* ಸಿಹಿ ರಸ ಒಮ್ಮೆಲೆ ಕರುಳಿಗೆ ಇಳಿದರೆ 10-30 ನಿಮಿಷದಲ್ಲಿ ಬೆವರು, ಎದೆ ಬಡಿತ, ತಲೆಸುತ್ತು, ಭೇದಿ ಆಗಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಕೆಲವರಿಗೆ 1ರಿಂದ 3 ತಾಸಿನ ನಂತರ ಶುಗರ್ ಇಳಿದು ಕಣ್ಣು ಕತ್ತಲೆ ಬರುತ್ತದೆ.

*ತೂಕ ಮತ್ತೆ ಏರುವುದು:* ದ್ರವ ಬೇಗ ಇಳಿದುಹೋಗುವುದರಿಂದ ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ. ಕ್ಯಾಲೊರಿ ಮಾತ್ರ ಸೇರುತ್ತಲೇ ಇರುತ್ತದೆ.

*ಕಿಡ್ನಿ ಕಲ್ಲು:* ಪಾಲಕ್, ಬೀಟ್‌ರೂಟ್‌ನಲ್ಲಿ ಆಕ್ಸಲೇಟ್ ಹೆಚ್ಚು. ಬೈಪಾಸ್ ಆದವರ ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ನೀರು ಕಡಿಮೆಯಾದರೆ ಕಲ್ಲು ಕಟ್ಟುವ ಅಪಾಯ ಇನ್ನೂ ಹೆಚ್ಚುತ್ತದೆ. ದಿನವೂ ಹಸಿ 'ಗ್ರೀನ್ ಜ್ಯೂಸ್' ಬೇಡ.

*ಕಹಿ ಸೋರೆಕಾಯಿ:* 2010ರಲ್ಲಿ ದೆಹಲಿಯಲ್ಲಿ ಸೋರೆಕಾಯಿ-ಹಾಗಲಕಾಯಿ ರಸ ಕುಡಿದ ವಿಜ್ಞಾನಿಯೊಬ್ಬರು ಸಾವನ್ನಪ್ಪಿದ್ದರು. ನಂತರ ಐಸಿಎಂಆರ್ ತಜ್ಞರ ಸಮಿತಿ ಕೊಟ್ಟ ಸಲಹೆ ಇಷ್ಟು: ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಇದು ಎಲ್ಲರಿಗೂ ಅನ್ವಯ.

ಬಿಸಿಲುಗಾಲದಲ್ಲಿ

ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ನೀರಡಿಕೆಗೆ ಕಬ್ಬಿನ ಹಾಲು, ನಿಂಬೆ ಸೋಡಾ ನೆನಪಾಗುವುದು ಸಹಜ. ಆಪರೇಷನ್ ಆದವರಿಗೆ ಎರಡೂ ಬೇಡ. ಗ್ಯಾಸ್ ಇರುವ ಪಾನೀಯದಿಂದ ಹೊಟ್ಟೆ ಉಬ್ಬುತ್ತದೆ. ತಿಳಿ ಮಜ್ಜಿಗೆ, ಸಕ್ಕರೆ ಇಲ್ಲದ ನಿಂಬೆ ನೀರು ಸಾಕು. ದಿನವಿಡೀ ಗುಟುಕು ಗುಟುಕಾಗಿ ಒಂದೂವರೆಯಿಂದ ಎರಡು ಲೀಟರ್ ಆಗಬೇಕು. ಊಟದ ಜೊತೆ ಕುಡಿಯದೆ, ಅರ್ಧ ತಾಸು ಬಿಟ್ಟು ಕುಡಿಯಿರಿ.

ಕಾಯಬಾರದ ಲಕ್ಷಣಗಳು

ಜ್ವರ, ನಿಲ್ಲದ ಹೊಟ್ಟೆನೋವು, ಉಸಿರಾಟದ ತೊಂದರೆ, ಸುಮ್ಮನೆ ಕೂತಾಗಲೂ ನಾಡಿ ಬಡಿತ 120 ದಾಟುವುದು ಹೊಲಿಗೆ ಸೋರಿಕೆಯ ಲಕ್ಷಣ ಇರಬಹುದು. "ನಾಳಿ ನೋಡಮು" ಅನ್ನದೆ 108ಕ್ಕೆ ಕರೆ ಮಾಡಿ. ಚಿಂಚೋಳಿಯಿಂದ ಕಲಬುರಗಿಗೆ ಹೋಗಲೇ ಎರಡು ತಾಸಿನ ಹತ್ತಿರ ಬೇಕು.

ವಾಂತಿ ನಿಲ್ಲದೆ ಸುಸ್ತಾದವರಿಗೆ ಊರಲ್ಲಿ ಮೊದಲು ಏರಿಸುವುದು ಗ್ಲೂಕೋಸ್ ಬಾಟಲಿ. ದಿನಗಟ್ಟಲೆ ವಾಂತಿಯಾದವರಲ್ಲಿ ಬಿ1 ವಿಟಮಿನ್ (ಥಯಾಮಿನ್) ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ಆದ್ದರಿಂದ ಯಾವ ದವಾಖಾನೆಗೆ ಹೋದರೂ "ಬೊಜ್ಜಿನ ಆಪರೇಷನ್ ಆಗ್ಯಾದ್ರಿ" ಎಂದು ಮೊದಲೇ ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ.

ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ12, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ ಬೇಕು. ಎಷ್ಟು ಜ್ಯೂಸ್ ಕುಡಿದರೂ ಅವುಗಳ ಬದಲಿ ಆಗದು. ಬಂಧುಗಳು ತಂದ ಹಣ್ಣನ್ನು ಮನೆಮಂದಿ ತಿನ್ನಲಿ. ರೋಗಿಗೆ ಅಗಿಯುವ ದಿನ ಬಂದ ಮೇಲೆ, ಒಂದೆರಡು ಹೋಳು ಸಾಕು.