ಸನ್ನತಿಯ ದೇವೀಪೀಠವೂ ವಚನಗುಪ್ತಿಯೂ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿಯು ಶ್ರೀ ಚಂದ್ರಲಾಂಬಾ ಪರಮೇಶ್ವರಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಈಕೆ ಕುಲದೇವತೆ. ಇದೇ ದೇವಾಲಯದ ಆವರಣದಲ್ಲಿದ್ದ ಕಾಳಿಕಾದೇವಿಯ ಗುಡಿಯ ಮಾಳಿಗೆಯು 1986ರಲ್ಲಿ ಕುಸಿದುಬಿದ್ದು ಮೂರ್ತಿಯು ಭಗ್ನವಾಯಿತು. ಅವಶೇಷಗಳನ್ನು ತೆರವು ಮಾಡುವಾಗ ದೇವಿಯ ಪೀಠವಾಗಿದ್ದ ಶಿಲಾಫಲಕದ ಮೇಲೆ ಬ್ರಾಹ್ಮೀ ಲಿಪಿಯ ಬರಹ ಕಾಣಿಸಿತು. ಪರಿಶೀಲಿಸಿದಾಗ ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಪ್ರಾಕೃತ ಧರ್ಮಶಾಸನವೆಂದು ಸಿದ್ಧವಾಯಿತು.

ಈ ಶಾಸನದ ಐತಿಹಾಸಿಕ ಮಹತ್ತ್ವವನ್ನು ಲಿಪಿತಜ್ಞರು ವಿವರಿಸಿದ್ದಾರೆ. ಆದರೆ ಅಂತಹ ಶಾಸನವು ದೇವಿಯ ಪಾದಪೀಠವಾಗಿ ನಿಂತಿದ್ದ ಸಂಗತಿಯ ಧಾರ್ಮಿಕ ಅರ್ಥವೇನು, ಅದರಿಂದ ಜೈನ ಹಸ್ತಪ್ರತಿಗಳ ಅಭ್ಯಾಸಿಗಳಾದ ನಾವು ಗ್ರಹಿಸಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ಥಳಪುರಾಣವನ್ನು ನೋಡೋಣ. ಭಕ್ತರಲ್ಲಿ ಹೇಳಿಕೊಂಡು ಬಂದಿರುವ ಕಥೆಯ ಒಂದು ಪಾಠದಂತೆ, ನಾರಾಯಣನೆಂಬ ತಪಸ್ವಿಯ ಪತ್ನಿ ಚಂದ್ರವದನೆಯನ್ನು ಸೇತುರಾಜನೆಂಬ ಅರಸನು ಅಪಹರಿಸುತ್ತಾನೆ. ತಪಸ್ವಿಯು ಹಿಂಗುಲಾ ಕ್ಷೇತ್ರಕ್ಕೆ ಹೋಗಿ ಹಿಂಗುಲಾಂಬಿಕೆಯನ್ನು ಮೊರೆಹೊಗುತ್ತಾನೆ. ಹಿಂದಿರುಗಿ ನೋಡಬಾರದೆಂಬ ನಿಯಮದೊಡನೆ ದೇವಿಯು ಆತನನ್ನು ಹಿಂಬಾಲಿಸಿ ಬರುತ್ತಾಳೆ. ನದಿಯ ಮರಳಿನಲ್ಲಿ ಗೆಜ್ಜೆಯ ಸಪ್ಪಳ ಅಡಗಿದಾಗ ಆತನು ಹಿಂದಿರುಗಿ ನೋಡಲು, ಆಕೆಯು ಭೀಮಾ ಕಾಗಿಣಾ ಸಂಗಮದ ಹೊನ್ನಗುಂಟಾದಲ್ಲಿಯೇ ನಿಲ್ಲುತ್ತಾಳೆ. ಮುಂದೆ ದೇವಿಯ ಶಕ್ತಿಯಿಂದ ಹೊರಟ ದುಂಬಿಗಳು ಅರಸನ ದರ್ಪವನ್ನು ಮುರಿಯುತ್ತವೆ. ಕಥೆಯ ತಿರುಳು ಸ್ಪಷ್ಟವಾಗಿದೆ: ಶಸ್ತ್ರಬಲವಿಲ್ಲದವನ ಮೊರೆಗೆ ರಕ್ಷಣೆ, ಅಧಿಕಾರಮದಕ್ಕೆ ಭಂಗ. ಜಿನಶಾಸನದಲ್ಲಿ ಪದ್ಮಾವತಿ, ಜ್ವಾಲಾಮಾಲಿನಿಯರು ಮೋಕ್ಷದಾಯಿನಿಯರಲ್ಲ, ಧರ್ಮವನ್ನು ಕಾಯುವ ಶಾಸನದೇವತೆಗಳು. ಎರಡು ಸಂಪ್ರದಾಯಗಳ ತಾತ್ತ್ವಿಕ ನೆಲೆಗಳು ಬೇರೆ. ಆದರೂ ಆರ್ತನಾದ ಗೃಹಸ್ಥನು ದೇವಿಯ ಮುಂದೆ ನಿಂತಾಗ ಆತನ ಮನಸ್ಸಿನಲ್ಲಿರುವ ಭಾವವು ಬಹುಮಟ್ಟಿಗೆ ಒಂದೇ ಎಂಬುದನ್ನು ಅಲ್ಲಗಳೆಯಲಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಹೊನ್ನಗುಂಟಾದಲ್ಲಿ ಭೀಮೆಯನ್ನು ಸೇರುವ ಕಾಗಿಣಾನದಿಯ ದಂಡೆಯ ಮೇಲೆಯೇ ಮಳಖೇಡವಿದೆ. ಅದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಶಕ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ, ಇಂದ್ರನಂದಿಯು ಜ್ವಾಲಿನೀಕಲ್ಪವನ್ನು ರಚಿಸಿ ಮುಗಿಸಿದುದು ಅಲ್ಲಿಯೇ. ಈ ಸಾಮೀಪ್ಯವನ್ನು ಹಿಡಿದು ಸನ್ನತಿಯ ದೇವಿಯೂ ಮೂಲತಃ ಯಕ್ಷಿಯೇ ಇರಬೇಕೆಂದು ಊಹಿಸುವ ಆಸೆ ನಮ್ಮಲ್ಲಿ ಕೆಲವರಿಗೆ ಹುಟ್ಟಬಹುದು. ಪ್ರಾಚೀನವಾದ ಪ್ರತಿಯೊಂದು ದೇವೀಗುಡಿಯನ್ನೂ ನಮ್ಮದೆಂದು ಬರೆಯುವ ಪ್ರವೃತ್ತಿಗೆ ನಾನೂ ತಾರುಣ್ಯದಲ್ಲಿ ಒಳಗಾಗಿದ್ದವನೇ. ಆದರೆ ಸನ್ನತಿಯಲ್ಲಿ ಕಣ್ಣಿಗೆ ಕಾಣುವ ಸಾಕ್ಷ್ಯವು ಬೇರೆಯಾಗಿದೆ. 1954ರಲ್ಲಿ ಕಪಟರಾಳ ಕೃಷ್ಣರಾಯರು ಈ ನೆಲೆಯತ್ತ ವಿದ್ವಾಂಸರ ಗಮನವನ್ನು ಸೆಳೆದಂದಿನಿಂದ ಇಲ್ಲಿ ದೊರೆತಿರುವ ಶಿಲ್ಪಗಳೂ ಬ್ರಾಹ್ಮೀ ಬರಹಗಳೂ ಪ್ರಧಾನವಾಗಿ ಬೌದ್ಧ ಸ್ತೂಪಗಳಿಗೆ ಸಂಬಂಧಪಟ್ಟವು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣವು ನಡೆಸಿದ ಉತ್ಖನನದಲ್ಲಿ ಮಹಾಚೈತ್ಯವೊಂದು ಹೊರಬಂದಿತು. ‘ರಾಯೊ ಅಸೋಕೊ’ ಎಂಬ ಹೆಸರನ್ನು ಹೊತ್ತ ರಾಜನ ಶಿಲ್ಪವೂ ಅಲ್ಲಿ ದೊರೆತಿದೆ. ನದೀಸಾಮೀಪ್ಯವು ಪ್ರಮಾಣವಲ್ಲ. ಪ್ರಮಾಣವಿಲ್ಲದೆಡೆ ಮೌನವೇ ಲೇಸು.

ಇನ್ನು ಶಾಸನದ ವಿಚಾರ. ಮಸ್ಕಿ, ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೆಗೋಳ ಇವುಗಳಲ್ಲಿ ದೊರೆತಿರುವುವೆಲ್ಲ ಲಘು ಶಿಲಾಶಾಸನಗಳು. ಸನ್ನತಿಯ ಫಲಕವಾದರೋ ಹೆಬ್ಬಂಡೆ ಶಾಸನಗಳ ವರ್ಗಕ್ಕೆ ಸೇರಿದುದು. ಅದರಲ್ಲಿ ಹನ್ನೆರಡನೆಯ ಶಾಸನದ ಭಾಗವೂ ಹದಿನಾಲ್ಕನೆಯ ಶಾಸನವೂ ಇವೆ. ಜೊತೆಗೆ ಎರಡು ಪ್ರತ್ಯೇಕ ಶಾಸನಗಳಿವೆ. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದವು. ಕಳಿಂಗಯುದ್ಧದ ವೃತ್ತಾಂತವಿರುವ ಹದಿಮೂರನೆಯ ಶಾಸನವು ಇಲ್ಲಿ ಹನ್ನೆರಡಕ್ಕೂ ಹದಿನಾಲ್ಕಕ್ಕೂ ನಡುವೆ ಕಾಣದಿರುವುದು ಗಮನಾರ್ಹ.

ಹನ್ನೆರಡನೆಯ ಶಾಸನದ ವಿಷಯವು ನಮಗೆ ಅತ್ಯಂತ ಪ್ರಸ್ತುತವಾದುದು. ಗಿರ್ನಾರ್ ಮೊದಲಾದ ಕಡೆ ಪೂರ್ಣವಾಗಿ ಉಳಿದಿರುವ ಪಾಠಗಳಿಂದ ಅದರ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು. ಅರಸನು ಎಲ್ಲ ಮತಗಳ ಯತಿಗಳನ್ನೂ ಗೃಹಸ್ಥರನ್ನೂ ದಾನದಿಂದ, ಪೂಜೆಯಿಂದ ಗೌರವಿಸುತ್ತಾನೆ. ಆದರೆ ದಾನಕ್ಕಿಂತ, ಪೂಜೆಗಿಂತ ಆತನು ಹೆಚ್ಚೆಂದು ಎಣಿಸುವುದು ಎಲ್ಲ ಮತಗಳಲ್ಲಿ ಸಾರದ ವೃದ್ಧಿಯಾಗುವುದನ್ನು. ಆ ವೃದ್ಧಿಗೆ ಮೂಲವಾದುದು ಮಾತಿನ ನಿಗ್ರಹ. ಅಕಾರಣವಾಗಿ ಸ್ವಮತವನ್ನು ಹೊಗಳಬಾರದು, ಪರಮತವನ್ನು ಹಳಿಯಬಾರದು. ಸ್ವಮತಭಕ್ತಿಯ ಆವೇಶದಿಂದ ಪರಮತವನ್ನು ನಿಂದಿಸುವವನು ತನ್ನ ಮತಕ್ಕೇ ಹೆಚ್ಚಿನ ಕೇಡನ್ನು ತಂದುಕೊಳ್ಳುತ್ತಾನೆ. ಪರಸ್ಪರರ ಧರ್ಮವನ್ನು ಕೇಳಬೇಕು, ಎಲ್ಲರೂ ಬಹುಶ್ರುತರಾಗಬೇಕು.

ಇಲ್ಲಿನ ಮೂರು ಶಬ್ದಗಳು ಜೈನ ಪಂಡಿತರ ಗಮನಕ್ಕೆ ಅರ್ಹವಾಗಿವೆ. ಮಾತಿನ ನಿಗ್ರಹಕ್ಕೆ ಶಾಸನವು ಬಳಸಿರುವ ‘ವಚಿಗುತಿ’ ಅಥವಾ ‘ವಚಗುತಿ’ ಎಂಬ ಪ್ರಾಕೃತ ರೂಪವು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂವರದ ಕಾರಣವಾಗಿ ನಿರೂಪಿತವಾಗಿರುವ ಗುಪ್ತಿಗಳಲ್ಲಿ ಒಂದಾದ ವಚನಗುಪ್ತಿಯೇ ಆಗಿದೆ. ‘ಬಹುಶ್ರುತ’ ಶಬ್ದವು ಷೋಡಶಕಾರಣ ಭಾವನೆಗಳಲ್ಲಿ ಬಹುಶ್ರುತಭಕ್ತಿಯನ್ನು ನೆನಪಿಗೆ ತರುತ್ತದೆ. ಮೂರನೆಯದು ಒಂದು ಪಾಠಾಂತರ. ಗಿರ್ನಾರಿನ ಪಾಠದಲ್ಲಿ ಸಮವಾಯವು ಒಳ್ಳೆಯದೆಂದಿರುವ ಸ್ಥಳದಲ್ಲಿ ಶಾಹಬಾಜಗಢಿಯ ಪಾಠವು ಸಂಯಮವು ಒಳ್ಳೆಯದೆಂದು ಹೇಳುತ್ತದೆ. ಇದು ಲಿಪಿಕಾರನ ಪ್ರಮಾದವೋ ಪಾಠಭೇದವೋ ಎಂಬ ಚರ್ಚೆ ಇರಲಿ. ಸಂಯಮವಿಲ್ಲದೆ ಸಮವಾಯವಿಲ್ಲವಾದುದರಿಂದ ಅರ್ಥದೃಷ್ಟಿಯಿಂದ ಎರಡೂ ಒಂದನ್ನೊಂದು ಬೆಂಬಲಿಸುತ್ತವೆ.

ಇಷ್ಟರಿಂದ ಅಶೋಕನು ಜೈನನೆಂದು ಸಾಧಿಸಹೊರಟರೆ ಶಾಸನದ ಉಪದೇಶವನ್ನೇ ಉಲ್ಲಂಘಿಸಿದಂತಾಗುತ್ತದೆ. ವಾಙ್ನಿಗ್ರಹವು ಬೌದ್ಧ ಗ್ರಂಥಗಳಲ್ಲಿಯೂ ಉಂಟು, ವೈದಿಕರ ತಪೋವಿಚಾರದಲ್ಲಿಯೂ ಉಂಟು. ಏಳನೆಯ ಸ್ತಂಭಶಾಸನವು ನಿರ್ಗ್ರಂಥರನ್ನು ಬ್ರಾಹ್ಮಣರು, ಆಜೀವಿಕರು ಮೊದಲಾದವರೊಡನೆ ಹೆಸರಿಸುತ್ತದೆ. ಇದು ನಮ್ಮ ಪೂರ್ವಿಕರಿಗೆ ಸಂದ ಗೌರವ, ಏಕಸ್ವಾಮ್ಯವಲ್ಲ. ಅರ್ಹಂತ ನಮಸ್ಕಾರದಿಂದ ಆರಂಭವಾಗುವ ಹಾಥಿಗುಂಫಾ ಶಾಸನದಲ್ಲಿ ಖಾರವೇಲನು ಸಕಲ ಮತಗಳನ್ನು ಪೂಜಿಸಿದವನು, ಸಕಲ ದೇವಾಯತನಗಳನ್ನು ಜೀರ್ಣೋದ್ಧಾರ ಮಾಡಿಸಿದವನು ಎಂದು ಕೀರ್ತಿತನಾಗಿದ್ದಾನೆ. ಜಿನಭಕ್ತನಾದ ಅರಸನಿಗೆ ಅದು ಹೆಮ್ಮೆಯ ಬಿರುದಾಗಿತ್ತು.

ಈಗ ಪೀಠದ ಪ್ರಶ್ನೆಗೆ ಬರೋಣ. ಮೂರ್ತಿಯನ್ನು ನಿಲ್ಲಿಸಲು ಫಲಕದ ನಡುವೆ ರಂಧ್ರವನ್ನು ಕೊರೆದುದರಿಂದ ಅಕ್ಷರಗಳು ನಷ್ಟವಾಗಿವೆ. ಇದನ್ನು ಕಂಡು ಒಂದು ಮತವು ಇನ್ನೊಂದರ ಲಿಖಿತವನ್ನು ತುಳಿದಿತೆಂದು ವ್ಯಾಖ್ಯಾನಿಸುವುದು ಸುಲಭ. ಆದರೆ ಪೀಠವನ್ನು ಸಿದ್ಧಪಡಿಸಿದವನ ಕಾಲಕ್ಕೆ ಈ ಲಿಪಿಯನ್ನು ಓದಬಲ್ಲವರು ಇದ್ದರೆಂದು ತೋರುವುದಿಲ್ಲ. ತನ್ನ ಪಾಲಿಗೆ ಮೂಕವಾಗಿದ್ದ, ಗಟ್ಟಿಯೂ ಸಮತಟ್ಟೂ ಆದ ಕಲ್ಲನ್ನು ಆತನು ದೇವಿಗೆ ಒಪ್ಪಿಸಿದನು. ಆ ಕಲ್ಲು ಗರ್ಭಗೃಹವನ್ನು ಸೇರಿದುದರಿಂದಲೇ ಗಾಳಿ ಮಳೆಗಳಿಂದ, ಮನೆ ಕಟ್ಟುವವರ ಕೈಯಿಂದ ಬದುಕಿ ಉಳಿಯಿತು. ಕೆಲವು ಅಕ್ಷರಗಳನ್ನು ಕಳೆದ ಗುಡಿಯೇ ಉಳಿದ ಅಕ್ಷರಗಳನ್ನು ಕಾಯ್ದಿತು. ನಷ್ಟ ರಕ್ಷಣೆಗಳೆರಡನ್ನೂ ಹೇಳದ ವಿವರಣೆಯು ಏಕಾಂತವಾದೀತು.

ಓದದೆ ಪೂಜಿಸಿದ ದೋಷವನ್ನು ಅನ್ಯರ ಮೇಲೆ ಹೊರಿಸಲು ನಮಗೆ ಅಧಿಕಾರವೂ ಇಲ್ಲ. ಷಟ್ಖಂಡಾಗಮದ ಧವಲಾ ಟೀಕೆಯ ತಾಡವೋಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ, ಅರ್ಚನೆಗೆ ಮಾತ್ರ ಮೀಸಲಾಗಿದ್ದವು. ಅವುಗಳ ಪ್ರತಿಲಿಪಿಯ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಆರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಪ್ರಥಮ ಸಂಪುಟವು ಬೆಳಕು ಕಂಡುದು 1939ರಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಕರ ಮನೆಯಲ್ಲಿ ಶ್ರುತಪಂಚಮಿಯಂದು ಮಾತ್ರ ಹೊರತೆಗೆದು ಗಂಧಾಕ್ಷತೆಗಳಿಂದ ಪೂಜಿಸುತ್ತಿದ್ದ ಓಲೆಯ ಕಟ್ಟೊಂದನ್ನು ನಾನು ಬಿಚ್ಚಬೇಕಾಯಿತು. ಮೂರು ತಲೆಮಾರುಗಳಿಂದ ಅದನ್ನು ಬಿಚ್ಚಿರಲಿಲ್ಲ. ಗಂಧದ ತೇವವು ಇಳಿದು ಮೇಲಿನ ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಳಗಿನ ಗರಿಗಳು ಸುಸ್ಥಿತಿಯಲ್ಲಿದ್ದವು. ಭಕ್ತಿಯೇ ಕೆಡಿಸಿತ್ತು, ಭಕ್ತಿಯೇ ಉಳಿಸಿತ್ತು. ಮನೆಯ ಹಿರಿಯರು, “ಪಂಡಿತರೇ, ಇಷ್ಟು ದಿನ ನಾವು ಪೂಜೆ ಮಾಡಿದ್ದು ತಪ್ಪಾಯಿತೇ?” ಎಂದು ಕೇಳಿದರು. “ತಪ್ಪಲ್ಲ, ಅರ್ಧವಾಯಿತು, ಉಳಿದರ್ಧವು ಸ್ವಾಧ್ಯಾಯ” ಎಂದು ಉತ್ತರಿಸಿದೆನು. ಸನ್ನತಿಯ ಫಲಕವನ್ನು ಕುರಿತು ಯೋಚಿಸುವಾಗಲೆಲ್ಲ ಆ ಕಟ್ಟು ನನ್ನ ಕಣ್ಮುಂದೆ ಬರುತ್ತದೆ.

ದೇವಿಯ ನೆರಳಿನಲ್ಲಿ ಈ ಉಪದೇಶವು ದೊರೆಯುವುದು ಸನ್ನತಿಯೊಂದರಲ್ಲಿಯೇ ಅಲ್ಲ. ಭಗವಾನ್ ನೇಮಿನಾಥರ ನಿರ್ವಾಣಭೂಮಿಯಾದ ಗಿರ್ನಾರಿನ ಏರುದಾರಿಯಲ್ಲಿ ಅಂಬಾದೇವಿಯ ಮಂದಿರವಿದೆ. ವೈದಿಕ ಪರಂಪರೆಯವರು ಜಗದಂಬೆಯೆಂದು ನಮಿಸುವ ಆಕೆಯನ್ನು ನಮ್ಮವರು ನೇಮಿಜಿನರ ಶಾಸನದೇವತೆಯಾದ ಅಂಬಿಕೆಯೆಂದು ಭಾವಿಸುತ್ತಾರೆ. ಆ ಬೆಟ್ಟದ ದಾರಿಯ ಆರಂಭದಲ್ಲಿರುವ ಹೆಬ್ಬಂಡೆಯ ಮೇಲೆ ಇದೇ ಹನ್ನೆರಡನೆಯ ಶಾಸನವು ಕೆತ್ತಲ್ಪಟ್ಟಿದೆ. ಯಾತ್ರಿಕರ ನಡುವೆ ಸ್ವಾಮ್ಯದ ವಿವಾದವೆದ್ದಾಗ ಉತ್ತರವು ಬೆಟ್ಟದ ಬುಡದಲ್ಲಿಯೇ ಲಿಖಿತವಾಗಿದೆ ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ನಾಡಿನಲ್ಲಿಯೂ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ, ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದುದನ್ನು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ.

ಆದುದರಿಂದ ಸನ್ನತಿಯ ದೇವೀಸನ್ನಿಧಿಯ ಆಧ್ಯಾತ್ಮಿಕ ಮಹತ್ತ್ವವನ್ನು ಎರಡು ನೆಲೆಗಳಲ್ಲಿ ಹೇಳಬಹುದು. ಭಕ್ತರಿಗೆ ಅದು ದರ್ಪವನ್ನು ಮುರಿದು ದೀನನನ್ನು ಕಾಯುವ ಮಾತೆಯ ಸ್ಥಾನ. ಆ ಶ್ರದ್ಧೆಗೆ ನಮ್ಮ ಅನುಮೋದನೆಯೂ ಬೇಡ, ಖಂಡನೆಯೂ ಬೇಡ. ನಮಗೆ ಅದು ವಚನಗುಪ್ತಿಯ ಪಾಠಶಾಲೆ. ಮತಗಳ ದರ್ಪವನ್ನು ಮುರಿಯುವ ಮಾತೊಂದು ಅಲ್ಲಿ ದೇವಿಯ ಅಡಿಯಲ್ಲಿ ಬಹುಕಾಲ ಮೌನವಾಗಿದ್ದು, ಗುಡಿಯು ಕುಸಿದ ದಿನ ಪ್ರಕಟವಾಯಿತು. ನಮ್ಮ ಭಂಡಾರಗಳಲ್ಲಿ ಇಂದಿಗೂ ಬಿಚ್ಚದೆ ಇರುವ ಕಟ್ಟುಗಳಿವೆ. ಅವುಗಳನ್ನು ಓದಲು ಮಾಳಿಗೆ ಬೀಳುವವರೆಗೆ ಕಾಯಬೇಕಾಗಿಲ್ಲ. ಓದಿದ ಮೇಲೆ ದೊರೆತುದನ್ನು ಸ್ವಮತದ ಹೊಗಳಿಕೆಗೆ ಬಳಸದೆ ಸಾರದ ವೃದ್ಧಿಗೆ ವಿನಿಯೋಗಿಸಿದರೆ, ಅದೇ ನಿಜವಾದ ಶ್ರುತಪೂಜೆಯೆಂದು ವಿದ್ವಜ್ಜನರಲ್ಲಿ ಸವಿನಯವಾಗಿ ನಿವೇದಿಸುತ್ತೇನೆ.