ಸ್ಯಾಕ್ಸೋಫೋನಿನಲ್ಲಿ ಕನ್ನಡದ ಧಾಟಿ

ಅಮೇರಿಕೆಯ ಜಾಝ್ ಸಂಗೀತದಲ್ಲಿ ‘ಕನ್ನಡ’ ಎಂಬ ಹೆಸರಿನದೊಂದು ಕೃತಿ ಉಂಟು. ಅದು ಹಾಡಲ್ಲ, ವಾದ್ಯಗಳು ಮಾತ್ರ ನುಡಿಯುತ್ತವೆ. ಕೃತಿಕಾರರ ಹೆಸರು ರುದ್ರೇಶ ಮಹಾಂತಪ್ಪ. ಹೆಸರು ಕೇಳಿದೊಡನೆ, ಇವರು ನಮ್ಮ ಹಾವೇರಿ, ರಾಣೇಬೆನ್ನೂರುಗಳ ಕಡೆಯ ಯಾವುದೋ ಮನೆಯ ಹುಡುಗನಿರಬೇಕೆಂದು ನಿಮಗೆ ಅನಿಸಿದರೆ ಆಶ್ಚರ್ಯವಿಲ್ಲ; ಈ ಭಾಗದಲ್ಲಿ ಮಹಾಂತಪ್ಪನವರು ಓಣಿಗೊಬ್ಬರು ಸಿಕ್ಕಾರು. ಆದರೆ ಇವರು ಹುಟ್ಟಿದ್ದು 1971ರಲ್ಲಿ, ಇಟಲಿಯ ತ್ರಿಯೆಸ್ತೆ ಪಟ್ಟಣದಲ್ಲಿ. ಬೆಳೆದದ್ದು ಅಮೇರಿಕೆಯ ಕೊಲೊರಾಡೊ ಸಂಸ್ಥಾನದ ಬೋಲ್ಡರ್ ಎಂಬ ಊರಿನಲ್ಲಿ. ತಂದೆ ಕೆ. ಟಿ. ಮಹಾಂತಪ್ಪನವರು ಕರ್ನಾಟಕದಿಂದ ಹೋಗಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದವರು.

ಜಾಝ್ ಎಂದರೆ ಬರಿಯ ಗದ್ದಲವೆಂಬ ತಾತ್ಸಾರ ನಮ್ಮಲ್ಲಿ ಹಳೆಯದು. ಅದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೇರಿಕೆಯ ನ್ಯೂ ಆರ್ಲಿಯನ್ಸ್ ನಗರದಲ್ಲಿ, 1865ರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕ ಮೂಲದ ಜನರ ಮಕ್ಕಳು, ಮೊಮ್ಮಕ್ಕಳು ರೂಪಿಸಿದ ಸಂಗೀತ. ಮೊದಲಿಗೆ ಎಲ್ಲರೂ ಕೂಡಿ ಒಂದು ಧಾಟಿಯನ್ನು ನುಡಿಸುವರು. ಬಳಿಕ ಅದರ ಅಳತೆಯೊಳಗೇ ಒಬ್ಬೊಬ್ಬರಾಗಿ ಆ ಕ್ಷಣಕ್ಕೆ ಹೊಳೆದುದನ್ನು ಬೆಳೆಸುವರು. ಕೊನೆಗೆ ಮತ್ತೆ ಧಾಟಿಗೆ ಬಂದು ಕೂಡುವರು. ಗವಾಯಿಗಳು ಬಂದಿಶನ್ನು ಹಿಡಿದು ವಿಸ್ತಾರ ಮಾಡಿ ಮುಖಡಾಕ್ಕೆ ಮರಳುವುದನ್ನು 1950ರಿಂದ ಧಾರವಾಡ ಬಾನುಲಿಯಲ್ಲಿ ಕೇಳುತ್ತ ಬಂದ ನಮ್ಮ ಮನೆಗಳಿಗೆ ಇದು ತೀರ ಹೊರಗಿನ ಮಾತೇನಲ್ಲ. ಭೇದವಿರುವುದು ಇಲ್ಲಿ: ನಮ್ಮಲ್ಲಿ ರಾಗ ದಾರಿ ತೋರಿಸುತ್ತದೆ, ಅಲ್ಲಿ ಪಿಯಾನೊ ಮೊದಲಾದ ವಾದ್ಯಗಳು ಏಕಕಾಲಕ್ಕೆ ಹೊರಡಿಸುವ, ಅಳತೆಗೆ ತಕ್ಕಂತೆ ಬದಲಾಗುತ್ತ ಹೋಗುವ ಸ್ವರಗುಚ್ಛಗಳು ದಾರಿ ತೋರಿಸುತ್ತವೆ.

ಈ ಸಂಗೀತ 1930ರ ದಶಕದಲ್ಲಿಯೇ ಮುಂಬಯಿಯ ತಾಜ್‌ಮಹಲ್ ಹೋಟೆಲಿಗೆ ಬಂದಿತ್ತು. ಅಲ್ಲಿ ಅದನ್ನು ಕಲಿತ ಗೋವೆಯ ವಾದಕರು ಹಿಂದೀ ಚಿತ್ರಗಳ ವಾದ್ಯಮೇಳ ಸೇರಿದರು. ಸಿ. ರಾಮಚಂದ್ರರ 1951ರ ‘ಅಲಬೇಲಾ’ದ ಹಾಡುಗಳಿಗೆ ತಲೆದೂಗಿದವರೆಲ್ಲ ಅರಿಯದೆಯೇ ಜಾಝಿಗೂ ತಲೆದೂಗಿದ್ದಾರೆ. ಇರಲಿ.

ಬೋಲ್ಡರಿನ ಹುಡುಗ ಕೈಗೆತ್ತಿಕೊಂಡ ಸ್ಯಾಕ್ಸೋಫೋನನ್ನು ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದಾದರೂ ದನಿ ಹುಟ್ಟುವುದು ಬಾಯಿಗೆ ಹಿಡಿದ ಜೊಂಡಿನ ತೆಳು ಪಟ್ಟಿಯಿಂದ. ಆ ಲೆಕ್ಕದಲ್ಲಿ ನಮ್ಮ ಮದುವೆಯ ಸನಾದಿಗೆ ಅದು ದೂರದ ದಾಯಾದಿ. ಕ್ಯಾನ್ಸಾಸಿನಲ್ಲಿ ಹುಟ್ಟಿದ ಚಾರ್ಲಿ ಪಾರ್ಕರ್ (1920–1955) ಅದರಲ್ಲಿ ಮಿಂಚಿನ ವೇಗವನ್ನೂ ಅಷ್ಟೇ ಸೂಕ್ಷ್ಮ ವಿಚಾರವನ್ನೂ ತಂದ. ರುದ್ರೇಶರಿಗೆ ಮಾನಸಗುರು ಅವನೇ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ, ಅನಂತರ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಅವರು ಕಲಿತದ್ದೆಲ್ಲ ಪಾರ್ಕರನ ಪರಂಪರೆಯ ವಿದ್ಯೆ.

ಕಷ್ಟ ಎದುರಾದದ್ದು ವಿದ್ಯೆಯಲ್ಲಲ್ಲ, ಮೈಬಣ್ಣದಲ್ಲಿ ಮತ್ತು ಹೆಸರಿನಲ್ಲಿ. ಮುಖ ಭಾರತದ್ದು, ಹೆಸರು ಭಾರತದ್ದು. ಹಾಗಾದರೆ ಭಾರತೀಯ ಸಂಗೀತವೂ ರಕ್ತದಲ್ಲಿಯೇ ಬಂದಿರಬೇಕಲ್ಲ ಎಂದು ಎದುರಿನವರ ಎಣಿಕೆ. ಬಾಲ್ಯದಿಂದ ಜಾಝ್ ಕೇಳಿ ಬೆಳೆದ ಹುಡುಗ ಏನು ಹೇಳಬೇಕು? ಜಾಝಿನವರಿಗೆ ಹೊರಗಿನವನು, ಭಾರತದವರಿಗೂ ಹೊರಗಿನವನು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮ್ಮ ಬಂಧುಗಳನ್ನು ಕೇಳಿರಿ. ಈ ಮಾತಿನ ಇರಿತ ಅವರಿಗೆ ಗೊತ್ತು.

ಅಂಥ ದಿನಗಳಲ್ಲಿ ಸಹೋದರರೊಬ್ಬರು ತಮಾಷೆಗೆಂದು ಅವರಿಗೊಂದು ಧ್ವನಿಮುದ್ರಿಕೆ ಕೊಟ್ಟರು. ಅದರ ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ನಡೆಯುವ ಆ ಕೀಲಿವಾದ್ಯದಿಂದ, ಜಾರುವ, ತೂಗುವ, ನಡುಗುವ ಗಮಕವನ್ನು ಹೊರಡಿಸಲು ಅವರು ವರ್ಷಾನುಗಟ್ಟಲೆ ತುಟಿ, ಉಸಿರುಗಳನ್ನು ಪಳಗಿಸಿಕೊಳ್ಳಬೇಕಾಯಿತು. ಬ್ಯಾಂಡಿನ ವಾದ್ಯಕ್ಕೆ ಕಛೇರಿಯ ವೇದಿಕೆಯೇ ಎಂದು ಮೂಗು ಮುರಿದವರಿಗೆ ತೋಡಿ, ಕಲ್ಯಾಣಿಗಳಿಂದಲೇ ಉತ್ತರ ಕೊಟ್ಟರು. 1980ರ ಮುಂಬಯಿಯ ಜಾಝ್ ಯಾತ್ರೆಯಲ್ಲಿ ಅವರನ್ನು ಕೇಳಿ ಜೊತೆಗೂಡಿ ನುಡಿಸಿದವನು ಅಮೇರಿಕೆಯ ಜಾನ್ ಹ್ಯಾಂಡಿ; 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವ ಅವರನ್ನು ಕರೆಯಿತು. ಗಮನಿಸಿರಿ: ಗೋಪಾಲನಾಥರು ಜಾಝ್ ವಾದಕರಾಗಲಿಲ್ಲ, ಜಾಝ್ ವಾದಕರೇ ಅವರನ್ನು ಹುಡುಕಿಕೊಂಡು ಬಂದರು.

ತಮಾಷೆಯ ಕೊಡುಗೆ ರುದ್ರೇಶರಿಗೆ ಗಂಭೀರ ಪಾಠವಾಯಿತು. ತಮ್ಮದೇ ವಾದ್ಯ, ಆದರೆ ತಾವು ಕಂಡಿರದ ಹಾದಿ. ಆದರೂ ಅವರು ಕೂಡಲೇ ರಾಗಗಳನ್ನು ಅನುಕರಿಸಲು ಹೊರಡಲಿಲ್ಲ. ನನಗೆ ಅವರಲ್ಲಿ ಹಿಡಿಸಿದ ಗುಣ ಇದೇ. 1997ರಲ್ಲಿ ನ್ಯೂಯಾರ್ಕಿಗೆ ಬಂದು ನೆಲಸಿ, ಪಿಯಾನೊ ವಾದಕ ವಿಜಯ್ ಅಯ್ಯರ್ ಮೊದಲಾದವರ ಜೊತೆಗೂಡಿ ನುಡಿಸುತ್ತ, 2004ರಲ್ಲಿ ಅವರು ಹೊರತಂದ ಸಂಪುಟದ ಹೆಸರು ‘ಮದರ್ ಟಂಗ್’, ಎಂದರೆ ತಾಯ್ನುಡಿ.

ಅದರ ಕ್ರಮ ಬಲು ವಿಚಿತ್ರ. ನೀನು ‘ಇಂಡಿಯನ್’ ಭಾಷೆ ಮಾತಾಡುತ್ತೀಯಾ ಎಂದು ಅಮೇರಿಕೆಯಲ್ಲಿ ಕೇಳುವವರುಂಟಷ್ಟೆ. ಅಂಥ ಪ್ರಶ್ನೆಗೆ ಭಾರತೀಯ ಮೂಲದವರು ತಂತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ರುದ್ರೇಶರು ಹಿಡಿದಿಟ್ಟರು. ಮಾತು ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಲ್ಲಿ ತಡೆಯಿತು ಎಂಬುದನ್ನು ಸ್ವರ, ಲಯಗಳಾಗಿ ಬರೆದುಕೊಂಡು, ಅದರಿಂದಲೇ ಕೃತಿಗಳನ್ನು ಕಟ್ಟಿದರು. ಕನ್ನಡ, ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳ ಎಂದು ಆಯಾ ಭಾಷೆಯ ಹೆಸರನ್ನೇ ಇಟ್ಟರು.

ನನ್ನಂಥ ಹಳೆಯ ಪಂಡಿತರಿಗೆ ಮೊದಲು ಇದು ಹುಡುಗಾಟಿಕೆಯೆಂದೇ ತೋರೀತು. ಪದವಿಲ್ಲ, ಅರ್ಥವಿಲ್ಲ, ಅದು ಎಂಥ ಕನ್ನಡ? ಅದರಲ್ಲೂ ನಮ್ಮ ಅಗಡಿ ಅಚ್ಚಿನಕ್ಷರದ ಊರು. ಗಳಗನಾಥರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ ಹೊರಟದ್ದು ಇಲ್ಲಿಯ ಆನಂದವನದಿಂದ. ಭಾಷೆಯೆಂದರೆ ಅಕ್ಷರವೆಂದು ನಂಬಿದವರು ನಾವು. ಆದರೆ ಪಕ್ಕದ ಕೋಣೆಯಲ್ಲಿ ಬಾನುಲಿಯನ್ನು ಸಣ್ಣಗೆ ಹಚ್ಚಿದಾಗ, ಒಂದು ಪದವೂ ತಿಳಿಯದಿದ್ದರೂ, ನುಡಿಯುತ್ತಿರುವುದು ಕನ್ನಡವೆಂದು ನಿಮ್ಮ ಕಿವಿಗೆ ಗೊತ್ತಾಗುವುದಿಲ್ಲವೆ? ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿಯ ಆಚೆ ನಿಂತವನು ಆಂಧ್ರದವನೋ ನಮ್ಮವನೋ ಎಂಬುದು ಮುಖ ಕಾಣುವ ಮೊದಲೇ ತಿಳಿಯುತ್ತದೆ. “ಎಲ್ಲಿಗೆ ಹೊಂಟೀರಿ?” ಎಂದು ಅಗಡಿಯವರು ಕೇಳುವಾಗಿನ ಕೊನೆಯ ಎಳೆತ ಯಾವ ವ್ಯಾಕರಣದಲ್ಲಿದೆ? ಛಂದಸ್ಸು ಗುರುಲಘುಗಳನ್ನು ಎಣಿಸಿತು, ಮಾತ್ರೆಗಳನ್ನು ಎಣಿಸಿತು. ಆಡುಮಾತಿನ ಏರಿಳಿತವನ್ನು ಕಿವಿಗೇ ಬಿಟ್ಟಿತು. ಆ ಬಿಟ್ಟದ್ದನ್ನು ಬೋಲ್ಡರಿನಲ್ಲಿ ಬೆಳೆದವರೊಬ್ಬರು ಎತ್ತಿಕೊಂಡರು.

ಇಷ್ಟಾದ ಮೇಲೆಯೇ ಅವರು ಗೋಪಾಲನಾಥರ ಎದುರು ಕುಳಿತದ್ದು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಬಂಧುಗಳು ಎಂದು ಅದರ ಅರ್ಥ. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ. ಅವರ ಜೊತೆಗೆ ಜಾಝಿನ ಗಿಟಾರು, ಮಂದ್ರದ ತಂತಿವಾದ್ಯ, ಡ್ರಮ್ಮು. ಎರಡು ಸಂಗೀತಗಳನ್ನು ಬೆರಸುವೆವೆಂದು ಹೊರಟ ಬಹಳಷ್ಟು ಕಡೆ ಹಾಲೂ ಕೆಟ್ಟು ಮಜ್ಜಿಗೆಯೂ ಆಗದ ಸ್ಥಿತಿ ನೋಡುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಹಿರಿಯರು ತಮ್ಮ ರಾಗ ಬಿಡಲಿಲ್ಲ. ಕಿರಿಯರು ತಮ್ಮ ಪಾರ್ಕರನನ್ನು ಬಿಡಲಿಲ್ಲ. 2015ರ ‘ಬರ್ಡ್ ಕಾಲ್ಸ್’ ಸಂಪುಟದಲ್ಲಿ ರುದ್ರೇಶರು ಆ ಪಾರ್ಕರನಿಗೇ ನಮಸ್ಕಾರ ಸಲ್ಲಿಸಿದರು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ನಿರ್ದೇಶಕರಾದರು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

‘ಕನ್ನಡ’ ಎಂಬ ಆ ಕೃತಿ ನಿಮಗೆ ದೊರೆತರೆ ಕೇಳಿರಿ. ಮೊದಲ ಸಲ ಏನೂ ಕೈಗೆ ಹತ್ತಲಿಕ್ಕಿಲ್ಲ. ಎರಡನೆಯ ಸಲ ದನಿಯನ್ನು ಸಣ್ಣಗೆ ಮಾಡಿ, ಪಕ್ಕದ ಕೋಣೆಗೆ ಹೋಗಿ ನಿಂತು ಕೇಳಿರಿ.